ಹದಿಮೂರು ಗೇರಿನ ಡೆಲ್ಬರ್ಟ್

ಸಲೈನಾದ ಗಿರಣಿಯಿಂದ ಹಿಟ್ಟು ಹೇರಿಕೊಂಡು ಡೆನ್ವರ್ ಕಡೆಗೆ ಲಾರಿ ಹೊಡೆಯುವವರಲ್ಲಿ ಡೆಲ್ಬರ್ಟ್ ಟೀಸೆನ್‌ನಷ್ಟು ಗೇರಿನ ಜಂಬ ಇದ್ದವನು ಇನ್ನೊಬ್ಬನಿರಲಿಲ್ಲ. ಅವನ ಹಳೆಯ ಲಾರಿಗೆ ಹದಿಮೂರು ಗೇರು. ಒಮ್ಮೆ ಹೊರಟನೆಂದರೆ ಕ್ಲಚ್ ಮುಟ್ಟದೆ, ಎಂಜಿನ್ನಿನ ದನಿಗೆ ಕಿವಿಗೊಟ್ಟೇ ಒಂದೊಂದಾಗಿ ಏರಿಸುತ್ತಿದ್ದ. ದಾರಿಯ ಹೋಟೆಲಿನಲ್ಲಿ, ಕ್ಲಚ್ಚಿಲ್ಲದೆ ತಾನೇ ಗೇರು ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಲಾರಿಯವರು ಸಿಕ್ಕರೆ, "ಎಡಗಾಲು ಮನೇಲೇ ಬಿಟ್ಟು ಬಂದ್ರೇನಪ್ಪಾ?" ಎಂದು ಕೇಳದೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ.

ಹೆಂಡತಿ ಆರ್ಲೀನ್ ಇಪ್ಪತ್ತೆರಡು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು. ಮಕ್ಕಳ ಗಲಾಟೆ ಸಾಕಾಗಿ, ಅರವತ್ತರ ಹೊಸ್ತಿಲಲ್ಲಿ ಲಾರಿಯ ಲೈಸೆನ್ಸಿಗೆ ಪರೀಕ್ಷೆ ಕೊಟ್ಟು, ಆಟೋಮ್ಯಾಟಿಕ್ಕಿನಲ್ಲಿ ಪಾಸಾದಳು. ಹಾಗೆ ಪಾಸಾದವರು ಗೇರಿನ ಲಾರಿ ಓಡಿಸುವಂತಿಲ್ಲವೆಂದು ಲೈಸೆನ್ಸಿನ ಮೇಲೇ ಗುರುತು ಹಾಕಿರುತ್ತಾರೆ. ಡೆಲ್ಬರ್ಟ್ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ನೋಡಿ, ಅರ್ಧ ಲೈಸೆನ್ಸಿಗೆ ಅರ್ಧ ಕೇಕು ಸಾಕಲ್ಲವೇ ಎಂದ. ಆಕೆ ಕೇಕು ಕತ್ತರಿಸಿ ದೊಡ್ಡ ಅರ್ಧವನ್ನು ತಾನೇ ಇಟ್ಟುಕೊಂಡಳು.

ಮರುವರ್ಷ ಅವನ ಎಡಮಂಡಿ ಕೈಕೊಟ್ಟಿತು. ಆಪರೇಷನ್ನಾಯಿತು. ಇನ್ನು ನಾಲ್ಕು ತಿಂಗಳು ಕ್ಲಚ್ಚಿನ ಮೇಲೆ ಕಾಲಿಡುವ ಹಾಗಿಲ್ಲ ಎಂದರು ಡಾಕ್ಟರು. ಲಾರಿಗಳ ಮಾಲೀಕ ಹಾಲಿಸ್, ಹದಿಮೂರು ಗೇರಿನದನ್ನು ಶೆಡ್ಡಿಗೆ ಸೇರಿಸಿ, ಗಂಡಹೆಂಡಿರಿಬ್ಬರಿಗೂ ಸೇರಿಸಿ ಒಂದು ಹೊಸ ಆಟೋಮ್ಯಾಟಿಕ್ ಲಾರಿ ಕೊಟ್ಟ.

ಮೊದಲ ಕೆಲವು ವಾರ ಆರ್ಲೀನ್ ಒಬ್ಬಳೇ ಓಡಿಸಿದಳು. ಡೆಲ್ಬರ್ಟ್ ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಕೂತು ಪಾಠ ಹೇಳುತ್ತಿದ್ದ. ಈಗ ಒಂದು ಗೇರು ಇಳಿಸಬೇಕು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಲಾರಿ ತಾನೇ ಇಳಿಸಿಕೊಂಡಿರುತ್ತಿತ್ತು. ಉಳಿದ ಮಾತನ್ನು ಅವನು ಕೆಮ್ಮಿ ಮುಗಿಸುತ್ತಿದ್ದ.

ಬಲಗಾಲೊಂದರಲ್ಲೇ ಓಡಿಸುವುದಾದರೆ ಓಡಿಸು ಎಂದು ಡಾಕ್ಟರು ಅಪ್ಪಣೆ ಕೊಟ್ಟ ಮೇಲೆ ಸ್ಟೇರಿಂಗ್ ಅವನ ಕೈಗೆ ಬಂತು. ಆ ಸಲದ ಹಿಟ್ಟು ಡೆನ್ವರ್ ದಾಟಿ ಬೆಟ್ಟದಾಚೆಗೆ ಹೋಗಬೇಕಿತ್ತು. ಬೆಟ್ಟದೊಳಗಿನ ಸುರಂಗ ದಾಟಿದ ಮೇಲಿನ ಕಡಿದಾದ ಇಳಿಜಾರಿನಲ್ಲಿ ಡೆಲ್ಬರ್ಟ್ ಗುಂಡಿ ಒತ್ತಿ ಎರಡು ಗೇರು ಇಳಿಸಲು ಹೋದ. ವೇಗ ಜಾಸ್ತಿಯಿತ್ತು. ಲಾರಿ ಕುಂಯ್ ಎಂದು ಸದ್ದು ಮಾಡಿ, ಒಲ್ಲೆನೆಂದಿತು. ಮತ್ತೆ ಒತ್ತಿದ, ಮತ್ತೆ ಕುಂಯ್. ಕಿವಿ ಕೆಂಪಗಾಗಿ ಬ್ರೇಕು ಮೆಟ್ಟಿ ವೇಗ ತಗ್ಗಿಸಿದ ಮೇಲಷ್ಟೇ ಅದು ಗೇರು ಇಳಿಸಿಕೊಂಡು, ಎಂಜಿನ್ನಿನ ಬಲದಲ್ಲಿ ಮೆತ್ತಗೆ ಇಳಿಯತೊಡಗಿತು.

"ನನ್ನ ಮಾತೇ ಕೇಳಲ್ಲ ಅಂತಲ್ಲೇ ಇದು," ಎಂದ.

ಆರ್ಲೀನ್ ಸೂರ್ಯಕಾಂತಿ ಬೀಜ ಬಿಡಿಸುತ್ತಾ, "ಮೂವತ್ತೆಂಟು ವರ್ಷ ನಾನು ಕೇಳಿದ್ದೀನಲ್ಲ ಮಾರಾಯ, ಇದೊಂದಾದ್ರೂ ಸುಖವಾಗಿರ್ಲಿ ಬಿಡು," ಎಂದಳು.

ಬೆಟ್ಟದ ಬುಡ ಬರುವವರೆಗೂ ಅವನು ಗುಂಡಿಯ ತಂಟೆಗೆ ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಮಂಡಿ ವಾಸಿಯಾಯಿತೆಂದು ಡಾಕ್ಟರು ಹೇಳಿದ್ದೇ ತಡ, ಡೆಲ್ಬರ್ಟ್ ಶೆಡ್ಡಿನಿಂದ ಹಳೆಯ ಲಾರಿ ತೆಗೆಸಿ, ಒಬ್ಬನೇ ಡೆನ್ವರಿಗೆ ಹೊರಟ. ಬಯಲಿನುದ್ದಕ್ಕೂ ರಾಜನ ಹಾಗೆ ಹೋದ. ಆದರೆ ಡೆನ್ವರಿನಲ್ಲಿ ರಸ್ತೆ ಅಗೆದಿದ್ದರು. ಎರಡು ಗಂಟೆ ಹೊತ್ತು ಹತ್ತು ಮಾರು ಹೋಗುವುದು, ನಿಲ್ಲುವುದು. ಪ್ರತಿ ಸಲ ಹೊರಡುವಾಗಲೂ ಕ್ಲಚ್ಚು. ಮಾರನೆಯ ದಿನ ಕುಂಟುತ್ತಾ ಮನೆಗೆ ಬಂದಾಗ ಮಂಡಿ ಊದಿ ಪ್ಯಾಂಟಿನ ಕಾಲು ಬಿಗಿಯಾಗಿತ್ತು.

ಆರ್ಲೀನ್ ಐಸಿನ ಚೀಲ ತಂದು ಮಂಡಿಯ ಮೇಲಿಟ್ಟಳು.

"ಲಾರಿ ಚೆನ್ನಾಗೇ ಇದೆ," ಎಂದ ಅವನೇ. "ರಸ್ತೆನೇ ಮೊದಲಿನ ಹಾಗಿಲ್ಲ."

"ಹೌದು ಪಾಪ, ರಸ್ತೆಗೂ ವಯಸ್ಸಾಯ್ತು."

ಡೆಲ್ಬರ್ಟ್ ನಗಬಾರದೆಂದುಕೊಂಡೇ ನಕ್ಕುಬಿಟ್ಟ. ಮುಂದಿನ ವಾರ ಹೊಸ ಲಾರಿಯನ್ನೇ ಹತ್ತಿದ. ಆಟೋಮ್ಯಾಟಿಕ್ಕಿಗೆ ಬಂದುಬಿಟ್ಟೆಯಾ ಎಂದು ಹೋಟೆಲಿನಲ್ಲಿ ಯಾರೋ ಕೆಣಕಿದಾಗ, ಇವಳಿಗೆ ಒಬ್ಬಳೇ ಹೋಗೋಕೆ ಬೇಜಾರಂತೆ, ಅದಕ್ಕೆ ಜೊತೆಗೆ ಬಂದೆ ಎಂದ. ಆರ್ಲೀನ್ ಅಲ್ಲವೆನ್ನಲಿಲ್ಲ. ಕಾಫಿ ಮುಗಿಸಿ ಎದ್ದವಳು, ಡೆನ್ವರ್‌ವರೆಗೂ ಅವನಿಗೇ ಓಡಿಸಲು ಬಿಟ್ಟು ಸೀಟಿನ ಹಿಂದಿನ ಹಾಸಿಗೆಯಲ್ಲಿ ಮಲಗಿದಳು.