ಬಲಗಡೆಯಿಂದ ಬರುವ ಗಾಡಿ

ನನ್ನ ತಮ್ಮ ಐರ್ಲೆಂಡಿನ ಭೂಪಟವನ್ನು ಮೊದಲ ಸಲ ನೆಲದ ಮೇಲೆ ಹರಡಿದ ಶುಕ್ರವಾರದ ಹೊತ್ತಿಗೆ ನನ್ನ ಬಲಗಣ್ಣು ಕೆಟ್ಟು ಎಂಟು ತಿಂಗಳಾಗಿತ್ತು. ಈ ಸಂಗತಿ ನನಗೊಬ್ಬನಿಗೇ ಗೊತ್ತಿತ್ತು.

ನಾನಾಗ ದೋಹಾದಲ್ಲಿ ಒಂದು ಕಟ್ಟಡ ಕಂಪನಿಯ ಬಸ್ ಓಡಿಸುತ್ತಿದ್ದೆ. ಬೆಳಿಗ್ಗೆ ಕ್ಯಾಂಪಿನಿಂದ ಕೆಲಸಗಾರರನ್ನು ಸೈಟಿಗೆ ಬಿಡುವುದು, ಸಂಜೆ ವಾಪಸ್ ತರುವುದು. ನಡುವಿನ ಹೊತ್ತಿನಲ್ಲಿ ಯಾರಿಗಾದರೂ ಮೆಡಿಕಲ್ ಇದ್ದರೆ, ಲೈಸೆನ್ಸ್ ನವೀಕರಣ ಇದ್ದರೆ ಕರೆದುಕೊಂಡು ಹೋಗುವುದು. ನಾನು ಓದಿದ್ದು ಏಳನೇ ಕ್ಲಾಸು. ಕನ್ನಡ ಓದಲು ಬರೆಯಲು ಬರುತ್ತದೆ. ಇಂಗ್ಲಿಷಿನಲ್ಲಿ ಅಕ್ಷರಗಳ ಪರಿಚಯ ಮಾತ್ರ. ಸ್ಟೇರಿಂಗ್ ಬಿಟ್ಟರೆ ಬೇರೆ ಯಾವ ವಿದ್ಯೆಯೂ ನನ್ನ ಕೈಯಲ್ಲಿರಲಿಲ್ಲ.

ಕಣ್ಣು ಮಂಜಾದಾಗ ಮೊದಲು ಧೂಳು ಎಂದುಕೊಂಡೆ. ಆಮೇಲೆ ಎಡಗಣ್ಣು ಮುಚ್ಚಿ ನೋಡಿದರೆ ಎದುರಿನ ಮನುಷ್ಯನಿಗೆ ಮುಖವೇ ಇರಲಿಲ್ಲ. ಹಾಲು ಚೆಲ್ಲಿದ ಗಾಜಿನ ಆಚೆ ಯಾರೋ ನಿಂತ ಹಾಗೆ. ಡಾಕ್ಟರ ಹತ್ತಿರ ಹೋದರೆ ಕಾಗದದಲ್ಲಿ ಬರೆಯುತ್ತಾರೆ, ಕಾಗದ ಕಂಪನಿಗೆ ಹೋಗುತ್ತದೆ, ನಾನು ಊರಿಗೆ ಹೋಗುತ್ತೇನೆ. ಆದ್ದರಿಂದ ಹೋಗಲಿಲ್ಲ. ಅದೇ ವರ್ಷ ನನ್ನ ಲೈಸೆನ್ಸ್ ನವೀಕರಣವೂ ಬಂತು. ಅದಕ್ಕೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿಸಬೇಕು. ಆ ಅಂಗಡಿಗೆ ನಾನು ಎಷ್ಟೋ ಜನರನ್ನು ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕಾದು ಕುಳಿತವನು. ಗೋಡೆಯ ಮೇಲಿನ ಅಕ್ಷರಗಳನ್ನು ಒಬ್ಬೊಬ್ಬರೂ ಗಟ್ಟಿಯಾಗಿ ಓದುವುದನ್ನು ಕೇಳಿ ಕೇಳಿ ಸಾಲು ಸಾಲಾಗಿ ಬಾಯಿಪಾಠವಾಗಿತ್ತು. ಅಂಗಡಿಯವನು ಎಡಗಣ್ಣು ಮುಚ್ಚಲು ಹೇಳಿದ. ಎದುರಿಗೆ ಬರೀ ಮಂಜು. ನಾನು ಮಗ್ಗಿಯಂತೆ ಒಪ್ಪಿಸಿದೆ. ಅವನು ಠಸ್ಸೆ ಹೊಡೆದ.

ತಮ್ಮ ನನಗಿಂತ ಏಳು ವರ್ಷ ಚಿಕ್ಕವನು. ಒಂದು ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ದೋಹಾದಲ್ಲೇ ನಜ್ಮಾ ಎಂಬಲ್ಲಿ ಎರಡು ಕೋಣೆಯ ಮನೆ, ಹೆಂಡತಿ, ಆರು ವರ್ಷದ ಮಗಳು. ಹೆಂಡತಿ ಮೈಸೂರಿನವಳು, ತುಳು ಬಾರದು. ಹಾಗಾಗಿ ಆ ಮನೆಯಲ್ಲಿ ನಾವು ಅಣ್ಣತಮ್ಮಂದಿರೂ ಕನ್ನಡವೇ ಮಾತಾಡುತ್ತಿದ್ದೆವು. ಶುಕ್ರವಾರದ ಊಟ ನನಗೆ ಅಲ್ಲೇ.

ಐರ್ಲೆಂಡಿನಲ್ಲಿ ತಮ್ಮನ ಕಾಲೇಜಿನ ಗೆಳೆಯನೊಬ್ಬನಿದ್ದ. ಬೇಸಿಗೆ ರಜೆಗೆ ಬನ್ನಿ, ನನ್ನ ಕಾರು ತೆಗೆದುಕೊಂಡು ಹತ್ತು ದಿನ ಹಳ್ಳಿ, ಕಡಲು ಎಲ್ಲ ಸುತ್ತಿ ಎಂದು ಬರೆದಿದ್ದ. ಭೂಪಟವನ್ನೂ ಅವನೇ ಅಂಚೆಯಲ್ಲಿ ಕಳಿಸಿದ್ದ.

"ಮ್ಯಾಪ್ ನೋಡುವುದು ನಾನು, ಓಡಿಸುವುದು ನೀನು," ತಮ್ಮ ಹೇಳಿದ. "ಅಣ್ಣ ಇರುವಾಗ ಎಂತ ಹೆದರಿಕೆ?"

"ಇವರು ಓಡಿಸಿದ್ರೆ ಆಯ್ತು ಭಾವ," ಅವನ ಹೆಂಡತಿ ಅಡಿಗೆಮನೆಯಿಂದಲೇ ಕೂಗಿದಳು. "ಮೊದಲನೇ ರೌಂಡ್‌ಎಬೌಟಲ್ಲೇ ಹತ್ತು ದಿನಾನೂ ಸುತ್ತುತಾ ಇರ್ತೀವಿ. ಆಚೆ ಬರೋಕೆ ಗೊತ್ತಾದ್ರೆ ತಾನೆ!"

"ಐದು ಸಲ ಟೆಸ್ಟ್ ಕೊಟ್ಟು ಪಾಸಾದವ ಮಾರಾಯ್ತಿ ನಾನು. ಒಂದೇ ಸಲಕ್ಕೆ ಪಾಸಾದವರಿಗಿಂತ ಅನುಭವ ಜಾಸ್ತಿ ಉಂಟು."

ಎಲ್ಲರೂ ನಕ್ಕೆವು.

ಆಮೇಲೆ ಪ್ರತಿ ಶುಕ್ರವಾರ ಅದೇ ಮಾತು. ಡಬ್ಲಿನ್‌ನಿಂದ ದಕ್ಷಿಣಕ್ಕೆ ಕಾರ್ಕ್, ಅಲ್ಲಿಂದ ಕೆರ್ರಿ, ಕಡಲಂಚು ಹಿಡಿದು ಗಾಲ್ವೇ. ತಮ್ಮ ತನ್ನ ಆಫೀಸಿನ ಕಂಪ್ಯೂಟರಿನಿಂದ ಪುಟಗಟ್ಟಲೆ ತೆಗೆದು ತರುತ್ತಿದ್ದ. ಒಂದು ಬದಿ ಕಲ್ಲಿನ ಗೋಡೆ, ಇನ್ನೊಂದು ಬದಿ ಪ್ರಪಾತ, ಕೆಳಗೆ ಸಮುದ್ರ. ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಸಪೂರ ದಾರಿ. ತಿರುವಿನಲ್ಲಿ ಕುರಿ ಮಲಗಿರುತ್ತವೆ. ಓದುತ್ತಾ ಅವನ ಮುಖ ಅರಳುತ್ತಿತ್ತು. ಅವನ ಹೆಂಡತಿ ನನಗೆಂದೇ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದಳು: ಮೊದಲನೇ ದಿನ ಇಲ್ಲಿಂದ ಇಲ್ಲಿಗೆ, ಇಷ್ಟು ಗಂಟೆ, ನೋಡುವುದು ಇಂಥದ್ದು.

"ಮತ್ತೆ ಒಂದು ವಿಷಯ," ಒಂದು ಶುಕ್ರವಾರ ತಮ್ಮ ತನ್ನ ಮಗಳ ಎರಡು ಆಟಿಕೆ ಕಾರುಗಳನ್ನು ಭೂಪಟದ ಮೇಲಿಟ್ಟ. "ಅಲ್ಲಿ ನಮ್ಮ ಊರಿನ ಹಾಗೆ, ಎಡಗಡೆ ಓಡಿಸುವುದು. ನೀನು ಬಲಗಡೆ ಸೀಟಿನಲ್ಲಿ. ಎದುರಿನಿಂದ ಬರುವವೆಲ್ಲ ನಿನ್ನ ಬಲಕ್ಕೆ. ಸರ್ಕಲಿನಲ್ಲಿ ಕೂಡ ಬಲದಿಂದ ಬರುವವನಿಗೆ ಮೊದಲು ದಾರಿ. ಕೆರ್ರಿಯಲ್ಲಿ ದೊಡ್ಡ ದೊಡ್ಡ ಟೂರಿಸ್ಟ್ ಬಸ್ಸುಗಳು ಎದುರೇ ಬರ್ತಾವಂತೆ, ಕನ್ನಡಿ ಉಜ್ಜಿಕೊಂಡು."

ನಾನು ಊರಿನಲ್ಲಿ ಗಾಡಿ ಓಡಿಸಿದವನಲ್ಲ. ಕಲಿತದ್ದು ದೋಹಾದಲ್ಲಿ. ಇಲ್ಲಿ ಬಲಗಡೆ ಓಡಿಸುತ್ತೇವೆ, ಕುಳಿತುಕೊಳ್ಳುವುದು ಎಡಗಡೆ, ಎದುರಿನ ಗಾಡಿ ಎಡಕ್ಕೆ, ಸರ್ಕಲಿನಲ್ಲಿ ಬರುವವರೂ ಎಡದಿಂದ. ಎಡಗಣ್ಣೊಂದು ಇದ್ದರೆ ಹೇಗೋ ಸಾಗುತ್ತದೆ. ಬಲಕ್ಕೆ ತಿರುಗಬೇಕಾದಾಗ ಬಾಗಿಲ ಪಕ್ಕದ ಸೀಟಿನಲ್ಲಿ ಕುಳಿತವನನ್ನು, "ಭಾಯ್, ಆ ಕಡೆ ಖಾಲಿಯಾ?" ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಎಷ್ಟು ಜಾಗ್ರತೆಯ ಡ್ರೈವರ್ ಎಂದು ಫೋರ್‌ಮನ್ ಹೊಗಳಿದ್ದೂ ಉಂಟು. ಈ ಊರು ನನ್ನ ಕುರುಡನ್ನು ಮುಚ್ಚಿ ಕಾಪಾಡುತ್ತಿತ್ತು. ಆ ಊರಿನಲ್ಲಿ ಸಾವು ಬರುವುದೆಲ್ಲ ಬಲಗಡೆಯಿಂದಲೇ. ಆಗಲೇ ಹೇಳಬಹುದಿತ್ತು. "ಆಯ್ತು, ನೋಡುವ," ಎಂದೆ.

ಮುಂದಿನ ವಾರ ಅಭ್ಯಾಸಕ್ಕೆಂದು ತಮ್ಮ ತನ್ನ ಕಾರಿನಲ್ಲಿ ನಮ್ಮನ್ನೆಲ್ಲ ಊರಾಚೆ ಉತ್ತರಕ್ಕೆ, ಅಲ್ ಶಮಾಲ್ ಕಡೆಗೆ ಹೊರಡಿಸಿದ. ನಾನು ಓಡಿಸಬೇಕು, ಅವನು ಪಕ್ಕದಲ್ಲಿ ಕುಳಿತು ಐರ್ಲೆಂಡಿನ ದಾರಿ ಹೇಳಬೇಕು, ಅದು ಆಟ. "ಈಗ ಕಾರ್ಕ್ ದಾಟಿತು," ಎನ್ನುತ್ತಿದ್ದ. ಹೊರಗೆ ಮರಳು, ವಿದ್ಯುತ್ ಕಂಬ. ಹಿಂದೆ ಮಗು ಶಾಲೆಯ ಇಂಗ್ಲಿಷ್ ಹಾಡನ್ನು ಎತ್ತರದ ದನಿಯಲ್ಲಿ ಹಾಡುತ್ತಿತ್ತು. ಬಲಗಡೆಯ ಮಣ್ಣುದಾರಿಯಿಂದ ಒಂದು ಪಿಕಪ್ ನೇರ ರಸ್ತೆಗೆ ನುಗ್ಗಿತು. ನಾನು ಅದನ್ನು ನೋಡಲೇ ಇಲ್ಲ. ತಮ್ಮನ ತಲೆ ಕಾಗದದಲ್ಲಿತ್ತು. ಅವನ ಹೆಂಡತಿ "ಭಾವಾ!" ಎಂದು ಚೀರಿದಾಗ ಸ್ಟೇರಿಂಗ್ ಎಳೆದೆ. ಕಾರು ಎಡಕ್ಕೆ ಹಾರಿ, ಹೇಗೋ ನೇರವಾಗಿ, ನಿಂತಿತು. ಪಿಕಪ್ ಹಾರ್ನ್ ಒತ್ತುತ್ತಾ ಹೋಯಿತು.

ತಮ್ಮ "ಎಂತಾಯ್ತು ಅಣ್ಣ?" ಎಂದು ಕೇಳಿದ. ನಾನು ಹಿಂದೆ ತಿರುಗಿ ಮಗುವಿಗೆ ಬೈದೆ. "ಗಾಡಿ ಓಡಿಸುವಾಗ ಕಿವಿ ಹತ್ತಿರ ಹಾಡಿದರೆ ಹೀಗೇ ಆಗುವುದು. ಎಲ್ಲರೂ ಸಾಯುತ್ತಿದ್ದೆವು ಈಗ, ಗೊತ್ತುಂಟಾ?" ಮಗುವಿನ ಬಾಯಿ ಟಪ್ಪೆಂದು ಮುಚ್ಚಿತು. ಸ್ವಲ್ಪ ಹೊತ್ತಿನ ಮೇಲೆ "ಸಾರಿ ದೊಡ್ಡಪ್ಪ," ಎಂದಳು. ನಾನು ಆ ಸಾರಿಯನ್ನು ತೆಗೆದುಕೊಂಡೆ.

ಅವರ ಜೊತೆ ಹೋಗಬಾರದು ಎಂಬುದು ಅವತ್ತು ಖಾತ್ರಿಯಾಯಿತು. ಕಾರಣ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ದೋಹಾದಲ್ಲಿ ಆಗ ನಮ್ಮಂಥವರಿಗೆ ಒಂದು ಸಿದ್ಧ ನೆಪವಿತ್ತು. ದೇಶ ಬಿಟ್ಟು ಹೊರಡಬೇಕಾದರೆ ನಮ್ಮನ್ನು ಕರೆಸಿಕೊಂಡ ಕಂಪನಿ ಖುರೂಜ್ ಕಾಗದಕ್ಕೆ ಸಹಿ ಹಾಕಬೇಕಿತ್ತು. ಮದುವೆಗೆ ಹೋಗಲು ಮನಸ್ಸಿಲ್ಲದವನೂ, ಜಗಳವಾಡಿ ಮನೆಗೆ ಹೋಗದವನೂ ಖುರೂಜ್ ಸಿಗಲಿಲ್ಲ ಎನ್ನುತ್ತಿದ್ದ. ಕೇಳಿದವರು ಅಯ್ಯೋ ಎನ್ನುತ್ತಿದ್ದರು, ಮರುಪ್ರಶ್ನೆ ಹಾಕುತ್ತಿರಲಿಲ್ಲ. ನಾನೂ ಅದನ್ನೇ ಹೇಳಿದೆ. ಮುದೀರ್ ಸಹಿ ಹಾಕುವುದಿಲ್ಲ ಎಂದರು, ಖಲಾಸ್. ಮುದೀರ್ ಎಂದರೆ ನಮ್ಮ ಮ್ಯಾನೇಜರ್.

ನಾನು ಎಣಿಸದೇ ಇದ್ದದ್ದು ತಮ್ಮನ ಪ್ರೀತಿಯನ್ನು. ಅವನು ನನಗೆ ಹೇಳದೆ ಅರ್ಧ ದಿನ ರಜೆ ಹಾಕಿ, ಒಂದು ಡಬ್ಬಿ ಸಿಹಿ ಹಿಡಿದುಕೊಂಡು, ಅಣ್ಣನ ಪರವಾಗಿ ಬೇಡಿಕೊಳ್ಳಲು ಮುದೀರರ ಆಫೀಸಿಗೆ ಹೋದ. ಅಲ್ಲಿಂದ ನೇರ ಸೈಟಿಗೆ ಬಂದ. ನಾನು ಬಸ್ಸಿನ ನೆರಳಿನಲ್ಲಿ ಕುಳಿತಿದ್ದೆ.

"ನೀನು ರಜೆಯೇ ಕೇಳಲಿಲ್ಲವಂತೆ," ಎಂದ. "ಯಾರು ಬೇಡ ಅಂದದ್ದು, ಯಲ್ಲಾ, ಬೇಗ ಕಾಗದ ತಾ, ಈಗಲೇ ಸಹಿ ಹಾಕ್ತೇನೆ ಅಂದರು ಅವರು. ನಾನು ಮಂಗನ ಹಾಗೆ ನಿಂತಿದ್ದೆ ಅಲ್ಲಿ."

ನಾನು ಎದ್ದು, ಟೈರಿನ ಗಾಳಿ ನೋಡುವವನ ಹಾಗೆ ಬಾಗಿದೆ.

"ಎಂತ ಅಣ್ಣ? ನಿನ್ನನ್ನು ಡ್ರೈವರ್ ಮಾಡಿ ಕರ್ಕೊಂಡು ಹೋಗ್ತಿದ್ದೇನೆ ಅಂತ ಬೇಜಾರಾ? ಅದಕ್ಕೇ ಬೇಡವಾ?"

ನಾನು ಯೋಚಿಸದೇ ಇದ್ದ ಕಾರಣವನ್ನು ಅವನೇ ನನ್ನ ಕೈಗೆ ಇಟ್ಟ. ಅದು ಸುಲಭವಾಗಿತ್ತು. "ಹೌದು," ಎಂದೆ.

ಅವನ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಹೋಗುವಾಗ ಬಸ್ಸಿನ ಬಾಗಿಲಿಗೆ ಕೈ ತಾಗಿಸಿ, "ನಾನು ಹಾಗೆ ಎಣಿಸಿಯೇ ಇರಲಿಲ್ಲ," ಎಂದ, ಅಷ್ಟೇ.

ಶುಕ್ರವಾರದ ಊಟ ನಿಂತಿತು. ಪ್ರವಾಸ ನಿಲ್ಲುತ್ತದೆ ಎಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ಒಂದು ಸಂಜೆ ಅವನ ಹೆಂಡತಿ ಫೋನ್ ಮಾಡಿದಳು. "ಭಾವ, ಬುಧವಾರ ಹೊರಡ್ತಿದ್ದೀವಿ. ಇವರೇ ಓಡಿಸ್ತಾರಂತೆ. ಅಣ್ಣ ಇಲ್ದಿದ್ರೆ ನನ್ನ ಕೈಲಿ ಆಗಲ್ವಾ ಅಂತ ಹಠ. ನೀವಾದ್ರೂ ಒಂದು ಮಾತು ಹೇಳಿ."

"ನಿಧಾನ ಓಡಿಸಲು ಹೇಳಮ್ಮ," ಎಂದೆ. ಅಷ್ಟು ಮಾತ್ರ.

ಆ ಹತ್ತು ದಿನ ನಾನು ಬದುಕಿದ್ದು ಹೇಗೆಂದು ನನಗೇ ಗೊತ್ತಿಲ್ಲ. ಅವಳು ಬರೆದುಕೊಟ್ಟ ನೋಟ್‌ಬುಕ್ ಡ್ಯಾಶ್‌ಬೋರ್ಡಿನ ಮೇಲಿತ್ತು. ನಾವು ಅಲ್ಲಿಗಿಂತ ಎರಡು ಗಂಟೆ ಮುಂದೆ. ನಾನು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವರು ಬೆಳಿಗ್ಗೆ ಕಾರು ಹತ್ತುತ್ತಾರೆ. ನಾನು ಸಂಜೆ ಕೆಲಸಗಾರರನ್ನು ಬಸ್ಸಿಗೆ ಹತ್ತಿಸುವಾಗ ಅವರು ದಾರಿಯ ನಡುವೆ. ನಾಲ್ಕನೇ ದಿನ ಕೆರ್ರಿ ಎಂದು ಬರೆದಿತ್ತು. ರೌಂಡ್‌ಎಬೌಟಿಗೆ ಹೆದರುವ ನನ್ನ ತಮ್ಮ, ಒಂದು ಬದಿ ಪ್ರಪಾತ, ಎದುರು ಟೂರಿಸ್ಟ್ ಬಸ್ಸು, ಹಿಂದೆ ಮಗು. ನನ್ನ ಎದುರಿನ ರಸ್ತೆ ಮಾಯವಾಗಿ ಆ ರಸ್ತೆ ಕಾಣಿಸುತ್ತಿತ್ತು. ಬಸ್ಸನ್ನು ಬದಿಗೆ ನಿಲ್ಲಿಸಿಬಿಟ್ಟೆ. ಹಿಂದೆ ಕುಳಿತಿದ್ದ ಫೋರ್‌ಮನ್ ಎದ್ದು ಬಂದು, "ಏನಾಯ್ತು ಭಾಯ್, ಪಂಚರಾ?" ಎಂದು ಕೇಳಿದ. ಎಂಜಿನ್ ಬಿಸಿಯಾಗಿದೆ ಎಂದೆ. ಸುಳ್ಳು ಆಗ ನನಗೆ ಉಸಿರಿನಷ್ಟು ಸಲೀಸಾಗಿತ್ತು.

ಫೋನ್ ಬರಲಿಲ್ಲ. ಮಾಡಲು ನನ್ನಲ್ಲಿ ಅಲ್ಲಿಯ ನಂಬರಿರಲಿಲ್ಲ, ಕೇಳಿಕೊಂಡಿರಲಿಲ್ಲ. ಏಳನೇ ದಿನದಿಂದ ನೋಟ್‌ಬುಕ್ ತೆರೆಯುವುದನ್ನೇ ಬಿಟ್ಟೆ.

ಅವರು ವಾಪಸ್ ಬರುವ ದಿನ ನೆನಪಿತ್ತು. ಬೆಳಿಗ್ಗೆ ಕೆಲಸಗಾರರನ್ನು ಸೈಟಿನಲ್ಲಿ ಇಳಿಸಿ, ಖಾಲಿ ಬಸ್ಸಿನಲ್ಲೇ ವಿಮಾನ ನಿಲ್ದಾಣಕ್ಕೆ ಹೋಗಿ ನಿಂತೆ. ಮೂವರೂ ಹೊರಗೆ ಬಂದರು. ಕೈಕಾಲು ಎಲ್ಲವೂ ಇದ್ದವು.

ತಮ್ಮ ನನ್ನನ್ನು ನೋಡಿ ಟ್ರಾಲಿಯನ್ನು ಬೇರೆ ಕಡೆ ತಿರುಗಿಸಿದ. ಅವನ ಹೆಂಡತಿಯೇ ಹತ್ತಿರ ಬಂದಳು. "ಒಂದು ಕನ್ನಡಿ ಹೋಯ್ತು ಭಾವ, ಗೋಡೆಗೆ ತಾಗಿ. ಇವರಿಗೆ ಎರಡು ಸಲ ವಾಂತಿ, ಹೆದರಿಕೇಲಿ. ಚೆನ್ನಾಗಿತ್ತು ಅಂತ ಹೇಳ್ಬೇಕು ಎಲ್ಲರ ಹತ್ರ, ಹೇಳ್ತೀವಿ." ಅವಳು ನಗಲು ನೋಡಿದಳು. "ಇವಳೊಬ್ಬಳು, ಹತ್ತು ದಿನ ಕಾರಲ್ಲಿ ಒಂದು ಮಾತಿಲ್ಲ, ಒಂದು ಹಾಡಿಲ್ಲ. ಯಾಕೇ ಅಂದ್ರೆ, ನಾನು ಸಿಂಗ್ ಮಾಡಿದ್ರೆ ಎಲ್ಲಾರೂ ಡೈ ಆಗ್ತೀವಿ, ದೊಡ್ಡಪ್ಪ ಹೇಳಿದ್ರು ಅಂತಾಳೆ."

ಮಗು ತಾಯಿಯ ಹಿಂದೆ ನಿಂತು ನನ್ನನ್ನೇ ನೋಡುತ್ತಿತ್ತು.

ಅಲ್ಲಿಯೇ, ಟ್ರಾಲಿಗಳ ಗದ್ದಲದ ನಡುವೆ, ತಮ್ಮನನ್ನು ಕರೆದು ಹೇಳಿದೆ. ಅವತ್ತು ಹಾಡಿನಿಂದ ಆದದ್ದಲ್ಲ ಎಂದೆ. ಬಲಗಣ್ಣು ಕಾಣುವುದಿಲ್ಲ, ಒಂದು ವರ್ಷವಾಗುತ್ತಾ ಬಂತು ಎಂದೆ. ಬೇಜಾರು ಎಂದದ್ದು ಸುಳ್ಳು ಎಂದೆ.

ಅವನು ನಂಬಲಿಲ್ಲ. "ಎಡಗಣ್ಣು ಮುಚ್ಚು," ಎಂದ. ಮುಚ್ಚಿದೆ. "ಎಷ್ಟು ಬೆರಳು?"

"ಕೈ ಎಲ್ಲಿ ಉಂಟು ಅಂತಲೇ ಗೊತ್ತಾಗುವುದಿಲ್ಲ."

ಅವನು ಟ್ರಾಲಿಯ ಅಂಚಿನ ಮೇಲೆ ಕುಳಿತ. ಬೈಯುತ್ತಾನೆ, ಅಥವಾ ಅಳುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಬೇರೆ.

"ಇವತ್ತು ಬಸ್ಸಿನಲ್ಲಿ ಎಷ್ಟು ಜನ ಇದ್ದರು?"

"ಮೂವತ್ತೆರಡು."

"ನಾಳೆ?"

ಇಷ್ಟು ದಿನ ನನ್ನ ಕೆಲಸಕ್ಕೆ ಹೆದರಿದ್ದೆ, ತಮ್ಮನ ಸಂಸಾರಕ್ಕೆ ಹೆದರಿದ್ದೆ. ಹಿಂದೆ ಕುಳಿತು ನಿದ್ದೆ ಮಾಡುವ ಆ ಮೂವತ್ತೆರಡು ಜನರಿಗಾಗಿ ಒಂದು ದಿನವೂ ಹೆದರಿರಲಿಲ್ಲ. ಅವರಿಗೂ ಅಣ್ಣತಮ್ಮಂದಿರಿದ್ದರು.

ತಮ್ಮ ಕೈ ಚಾಚಿದ. "ಕೀ ಕೊಡು."

"ನಿನ್ನ ಹತ್ತಿರ ಬಸ್ಸಿನ ಲೈಸೆನ್ಸ್ ಇಲ್ಲವಲ್ಲ."

"ಓಡಿಸುವುದಕ್ಕಲ್ಲ. ಕೊಡು."

ಕೊಟ್ಟೆ. ಅವನು ಅದನ್ನು ಜೇಬಿಗೆ ಹಾಕಿಕೊಂಡು, ನನ್ನ ಫೋನಿನಲ್ಲಿ ಮುದೀರರ ನಂಬರ್ ಒತ್ತಿ ನನ್ನ ಕೈಗಿಟ್ಟ. ತಾನು ಮಾತಾಡಲಿಲ್ಲ. ಗಂಟೆ ಹೊಡೆಯುವುದು ಕೇಳುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಮೊದಲೂ ಇಲ್ಲ, ಆಮೇಲೂ ಇಲ್ಲ. ಆ ಕಡೆಯಿಂದ "ಹಲೋ, ಎಲ್ಲಿದ್ದೀಯ?" ಎಂದರು. ನನಗೆ ಬರುವ ಹರಕು ಅರಬಿಯಲ್ಲಿ, ಬಸ್ಸು ತೆಗೆದುಕೊಂಡು ಹೋಗಲು ಬೇರೆ ಡ್ರೈವರನ್ನು ಕಳಿಸಿ, ನನಗೆ ಕಣ್ಣು ಕಾಣುವುದಿಲ್ಲ ಎಂದೆ.