ಒಂದು ಕಟ್ಟೆ ಕೆಳಗೆ

"ಇದಕ್ಯಾಕೆ ನಾಲ್ಕೇ ತಂತಿ? ಇನ್ನೆರಡು ಕಿತ್ತೋಯ್ತಾ?"

ಹದಿನೆಂಟು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಈ ಪ್ರಶ್ನೆ ಎದುರಾಗದ ಮದುವೆಮನೆಯೇ ಇಲ್ಲ. ಮೊದಮೊದಲು ನಿಂತು ವಿವರಿಸುತ್ತಿದ್ದೆ: ಇದು ಬೇರೆಯದೇ ವಾದ್ಯ, ಇದಕ್ಕಿರುವುದೇ ನಾಲ್ಕು ತಂತಿ, ಹಾಡಿಗೆ ತಳಪಾಯ ಹಾಕುವವನು ನಾನೇ ಅಂತೆಲ್ಲ. ಈಗ "ಹೌದು ಸಾರ್, ರಿಪೇರಿಗೆ ಕೊಡಬೇಕು" ಎಂದುಬಿಡುತ್ತೇನೆ. ಕೇಳಿದವರಿಗೂ ಸಮಾಧಾನ, ನನಗೂ ಊಟದ ಪಂಕ್ತಿ ತಪ್ಪುವುದಿಲ್ಲ. ನಮ್ಮಮ್ಮನಂತೂ ನೆಂಟರ ಮುಂದೆ ನನ್ನ ವಿದ್ಯೆಯನ್ನು ಪರಿಚಯಿಸುವುದೇ ಹೀಗೆ: "ಇವ್ನು ಬಾರ್ಸೋದು ಏನೂ ಕೇಳ್ಸಲ್ಲ ಕಣ್ರೀ. ಕಿಟಕಿ ಅದುರತ್ತೆ, ಅಷ್ಟೆ."

ಹಗಲು ಹೊತ್ತು ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ನನ್ನ ಕೆಲಸ. ಅಜ್ಜಿ ತಾತಂದಿರ ಹೆಸರು ಬಿಟ್ಟುಹೋಗಿದೆಯೇ, ಮುಹೂರ್ತದ ಲಗ್ನ ಸರಿಯಾಗಿದೆಯೇ ಎಂದು ಪ್ರೂಫ್ ನೋಡುತ್ತೇನೆ. ಹಾಗಾಗಿ ಈ ಕಡೆಯ ಮದುವೆಗಳ ಸುದ್ದಿ ಛತ್ರದವರಿಗಿಂತ ಮೊದಲು ನನಗೇ ತಿಳಿಯುವುದು. ಪತ್ರಿಕೆ ಆರಿಸುತ್ತ ಸುಸ್ತಾಗಿ ಕೂತ ಹುಡುಗಿಯ ತಂದೆಗೆ ನೀರು ಕೊಟ್ಟು, "ರಿಸೆಪ್ಷನ್‌ಗೆ ಆರ್ಕೆಸ್ಟ್ರಾ ಹೇಳಿದೀರಾ ಸಾರ್?" ಎಂದು ಮೆಲ್ಲಗೆ ಬಿಡುತ್ತೇನೆ. ನಮ್ಮ ತಂಡಕ್ಕೆ ಅರ್ಧ ಕಾರ್ಯಕ್ರಮ ಬರುವುದು ಹೀಗೆ. ಉಳಿದರ್ಧ ಗಣೇಶನದ್ದು, ರಾಜ್ಯೋತ್ಸವದ್ದು.

ತಂಡ ಎಂದರೆ ದೊಡ್ಡದೇನಲ್ಲ. ಕೀಬೋರ್ಡಿಗೆ ನನ್ನ ಸ್ಕೂಲ್ ದಿನಗಳ ಸ್ನೇಹಿತ. ತಾಳಕ್ಕೆ ರಿದಮ್ ಪ್ಯಾಡ್ ಬಾರಿಸುವ ಒಬ್ಬ. ಹೆಣ್ಣು ದನಿಗೆ ಮಲ್ಲೇಶ್ವರದ ಒಬ್ಬರು ಟೀಚರ್. ಇವರೆಲ್ಲರ ಮುಂದೆ ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು ಹಾಡುತ್ತಿದ್ದವರು, ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದ ನಮ್ಮ ಮುಖ್ಯ ಗಾಯಕರು. ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಚಾಮರಾಜಪೇಟೆಯ ಅವರ ಮನೆಯ ಮಹಡಿಯ ಮೇಲಿನ ಕೋಣೆಯಲ್ಲೇ ಭಾನುವಾರದ ನಮ್ಮ ಪ್ರಾಕ್ಟೀಸು. ಪಕ್ಕದ ಬೀದಿಯಲ್ಲಿ ಆಜಾನ್ ಶುರುವಾದರೆ ನಾವು ನಿಲ್ಲಿಸುತ್ತಿದ್ದೆವು. ಅಣ್ಣನ ಹೆಂಡತಿ, ನಮಗೆಲ್ಲ ಅತ್ತಿಗೆ, ಆ ಹೊತ್ತಿಗೆ ಸರಿಯಾಗಿ ಕಾಫಿ ತರುತ್ತಿದ್ದರು.

ಅಣ್ಣನದ್ದು ಒಂದೇ ಒಂದು ಕಾನೂನು. ಹಾಡು ಜನ ರೇಡಿಯೋದಲ್ಲಿ ಕೇಳಿದ ಎತ್ತರದಲ್ಲೇ ಇರಬೇಕು. ಒರಿಜಿನಲ್ ಸ್ಕೇಲ್! ಊರಲ್ಲಿ ಎಲ್ಲ ಆರ್ಕೆಸ್ಟ್ರಾದವರೂ ಗಾಯಕರ ಗಂಟಲಿಗೆ ತಕ್ಕಂತೆ ಶ್ರುತಿಯನ್ನು ಕಟ್ಟೆಯ ಅಳತೆಯಲ್ಲಿ ಇಳಿಸಿಕೊಳ್ಳುತ್ತಾರೆ, ಅರ್ಧ ಕಟ್ಟೆ, ಒಂದು ಕಟ್ಟೆ ಅಂತ. ಅದರಲ್ಲಿ ನಾಚಿಕೆಯೇನೂ ಇಲ್ಲ. ಅಣ್ಣನಿಗೆ ಮಾತ್ರ ಅದು ಹಾಲಿಗೆ ನೀರು ಬೆರೆಸುವ ಕೆಲಸ. "ಇಳಿಸಿ ಹಾಡೋ ದಿನ ಬಂದ್ರೆ ಮೈಕ್ ಕೆಳಗಿಟ್ಟು ಮನೆಗೆ ಹೋಗ್ತೀನಿ ಕಣ್ರೋ, ಮತ್ತೆ ಮುಟ್ಟಲ್ಲ" ಎನ್ನುತ್ತಿದ್ದರು. ಅವರ ಬಾಯಿಂದ ಬಂದ ಮೇಲೆ ಮುಗಿಯಿತು. ಸಿಗರೇಟು ಬಿಡುತ್ತೇನೆ ಎಂದು ಒಂದು ಸಲ ಹೇಳಿದವರು ಅದೇ ದಿನ ಬಿಟ್ಟಿದ್ದರು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಹರೆಯದಲ್ಲಿ ಒಂದಿಷ್ಟು ದಿನ ಗಿಟಾರ್ ಕಲಿತಿದ್ದರು. ಹಾಡು ಶುರುವಾಗುವ ಮುಂಚೆ ಒಂದು ಸಲ ನನ್ನ ಎಡಗೈ ನೋಡುವರು. ಬೆರಳು ಗಿಟಾರಿನ ಕತ್ತಿನ ಯಾವ ಮನೆಯ, ಅಂದರೆ ಫ್ರೆಟ್ಟಿನ ಮೇಲೆ ಕೂತಿದೆ ಎಂದು ನೋಡಿ, ಸ್ಕೇಲ್ ಸರಿಯಾಗಿದೆ ಎಂದು ಗೊತ್ತುಮಾಡಿಕೊಂಡು, ಆಮೇಲೆ ಜನರ ಕಡೆ ತಿರುಗುವರು. ಯಾರಿಗೂ ಕೇಳಿಸದ ವಾದ್ಯದವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೇ? ನನಗಂತೂ ಒಳಗೊಳಗೇ ಹೆಮ್ಮೆ.

ಅರವತ್ತು ದಾಟಿದ ಮೇಲೆ ಅವರ ದನಿ ಇಳಿಯತೊಡಗಿತು. ಚರಣದ ಎತ್ತರದ ಸಾಲು ಬಂದಾಗ ಕತ್ತಿನ ನರ ಉಬ್ಬುತ್ತಿತ್ತು, ದನಿ ಬಿರಿಯುತ್ತಿತ್ತು. ಒಂದು ರಿಸೆಪ್ಷನ್‌ನಲ್ಲಿ ಮೇಲಿನ ಸಾಲು ಬರುತ್ತಿದ್ದಂತೆ ಮೈಕನ್ನು ಜನರ ಕಡೆ ಚಾಚಿ "ನೀವೆಲ್ಲಾ ಹೇಳಿ!" ಎಂದರು. ಊಟದ ಆತುರದಲ್ಲಿದ್ದ ಜನ ಪಿಳಿಪಿಳಿ ನೋಡಿದರು. ವಾಪಸ್ಸು ಬಂದು ಆಟೋ ಇಳಿಯುವಾಗ ಅಣ್ಣ, "ಇನ್ನೊಂದೆರಡು ಪ್ರೋಗ್ರಾಂ ನೋಡ್ತೀನಿ ಕಣೋ. ಆಗ್ಲಿಲ್ಲ ಅಂದ್ರೆ ಸಾಕು" ಎಂದರು.

ಮಾರನೆಯ ದಿನ ಕೀಬೋರ್ಡಿನವನನ್ನು ಹಿಡಿದೆ. "ಮಗಾ, ಅರ್ಧ ಕಟ್ಟೆ ಇಳ್ಸೋಣ. ಅವ್ರಿಗೆ ಹೇಳೋದು ಬೇಡ."

ಅವನಿಗೆ ಅದು ಚಿಟಿಕೆಯ ಕೆಲಸ. ಕೀಬೋರ್ಡಿನಲ್ಲಿ ಅದಕ್ಕೇ ಒಂದು ಗುಂಡಿ ಇದೆ. ಒತ್ತಿದರೆ ಬೆರಳುಗಳು ಎಂದಿನ ಮನೆಗಳ ಮೇಲೇ ಓಡಾಡುತ್ತಿದ್ದರೂ ಶ್ರುತಿ ತಾನೇ ಕೆಳಗಿಳಿಯುತ್ತದೆ. "ನಂದೇನೂ ಇಲ್ಲ ಗುರು. ಅವ್ರು ನೋಡೋದು ನಿನ್ ಕೈನ" ಎಂದ. ಸರಿ, ನಾನು ಕಿವಿಗಳನ್ನು, ಅಂದರೆ ತಂತಿ ಬಿಗಿಮಾಡುವ ತಿರುಗಣಿಗಳನ್ನು ತಿರುಗಿಸಿ ನಾಲ್ಕೂ ತಂತಿಗಳನ್ನು ಅರ್ಧ ಕಟ್ಟೆ ಸಡಿಲಿಸಿದೆ. ಈಗ ಕೈ ಹಳೆಯ ಜಾಗದಲ್ಲೇ ಇರುತ್ತದೆ, ಬರುವ ಸ್ವರ ಮಾತ್ರ ಕೆಳಗಿನದು. ಅಣ್ಣ ಎಂದಿನಂತೆ ನನ್ನ ಎಡಗೈ ನೋಡಿದರು, ತಲೆಯಾಡಿಸಿದರು, ತಿರುಗಿ ಹಾಡಿದರು. ಎತ್ತರದ ಸಾಲು ಹತ್ತಿತು. ಹಾಡು ಮುಗಿದಾಗ ಅವರು ನಮ್ಮತ್ತ ನೋಡಿ ನಕ್ಕ ನಗು ಇದೆಯಲ್ಲ, ಅದನ್ನು ನೋಡಿದ ಮೇಲೆ ನಿಲ್ಲಿಸುವ ಮನಸ್ಸು ಯಾರಿಗೆ ಬಂದೀತು? ಮುಂದಿನ ವರ್ಷ ಅರ್ಧವನ್ನು ಒಂದು ಕಟ್ಟೆ ಮಾಡಿದೆವು. ಟೀಚರಿಗೂ ಪ್ಯಾಡಿನವನಿಗೂ ಗೊತ್ತಾಯಿತು. ಅವರೂ ಬಾಯಿಗೆ ಬೀಗ ಹಾಕಿಕೊಂಡರು.

ಹೀಗೆ ಮೂರು ವರ್ಷ. ಅಣ್ಣ ಮತ್ತೆ ಚಿಗುರಿದರು. ಬೆಳಿಗ್ಗೆ ಪಾರ್ಕಿಗೆ ಹೋಗಿ ಪ್ರಾಣಾಯಾಮ, ಮಜ್ಜಿಗೆ ಬಂದ್, ಐಸ್‌ಕ್ರೀಮ್ ಬಂದ್, ಮೆಣಸಿನ ಕಷಾಯ ಎರಡು ಹೊತ್ತು. ಸಿಕ್ಕವರಿಗೆಲ್ಲ "ಅರವತ್ತೈದಕ್ಕೂ ಒರಿಜಿನಲ್ ಸ್ಕೇಲ್ ಸಾರ್!" ಎಂದು ಹೇಳಿಕೊಳ್ಳುತ್ತಿದ್ದರು. ನನಗೆ ಒಂದು ಸಲ ಗುಟ್ಟಿನಲ್ಲಿ, "ವಿಚಿತ್ರ ಕಣೋ. ಮನೇಲಿ ಮೊಬೈಲ್‌ನಲ್ಲಿ ಶ್ರುತಿ ಹಾಕ್ಕೊಂಡು ಹಾಡಿದ್ರೆ ಹತ್ತಲ್ಲ. ಸ್ಟೇಜ್ ಮೇಲೆ ನಿಂತ್ರೆ ಹತ್ತುತ್ತೆ. ಜನ ಎದುರಿಗಿದ್ರೇನೇ ನನ್ ಗಂಟ್ಲು" ಎಂದರು. ನಾನು "ಹೌದಣ್ಣ, ಕೆಲವರಿಗೆ ಹಂಗೇ" ಎಂದು ಬಸವನಂತೆ ತಲೆಯಾಡಿಸಿದೆ. ಆ ರಾತ್ರಿ ಊಟ ರುಚಿಸಲಿಲ್ಲ.

ಹೋದ ವರ್ಷ ಬಸವನಗುಡಿಯ ಒಂದು ಬೀದಿಯ ಗಣೇಶೋತ್ಸವ. ಸಂಜೆ ಏಳರ ಕಾರ್ಯಕ್ರಮ. ಮುಂದಿನ ಸಾಲಿನಲ್ಲಿ ಅತ್ತಿಗೆ, ಅವರ ಪಕ್ಕ ಅಣ್ಣನ ಹಳೆಯ ಬ್ಯಾಂಕಿನ ಸ್ನೇಹಿತರು. ಎರಡು ಹಾಡು ಚೆನ್ನಾಗಿ ಹೋದವು. ಮೂರನೆಯದರ ನಡುವೆ ಪಟ್ಟಂತ ಕರೆಂಟ್ ಹೋಯಿತು. ಜನ ಹೋ ಎಂದರು. ಎರಡು ನಿಮಿಷದಲ್ಲಿ ಜನರೇಟರ್ ಗುಡುಗುಡು ಎಂದಿತು, ದೀಪ ಬಂತು, ಅಣ್ಣ ಹುರುಪಿನಲ್ಲಿ "ಮೊದಲಿಂದ!" ಎಂದರು, ನಾವು ಶುರು ಮಾಡಿದೆವು.

ಅಯ್ಯೋ ದೇವರೇ, ಎಂಥ ಅಪಸ್ವರ! ಕರೆಂಟ್ ಹೋಗಿ ಬಂದರೆ ಕೀಬೋರ್ಡ್ ತನಗೆ ಹೇಳಿಕೊಟ್ಟದ್ದನ್ನೆಲ್ಲ ಮರೆತುಬಿಡುತ್ತದೆ. ಅದು ಒರಿಜಿನಲ್ ಸ್ಕೇಲಿಗೆ ವಾಪಸ್ಸಾಗಿತ್ತು. ನನ್ನ ಗಿಟಾರು ಒಂದು ಕಟ್ಟೆ ಕೆಳಗೇ ಇತ್ತು. ಗುಂಡಿ ಮತ್ತೆ ಒತ್ತಬೇಕೆಂದು ನಾವಿಬ್ಬರೂ ಮರೆತಿದ್ದೆವು. ಮೊದಲ ಸಾಲಿನಲ್ಲಿ ಕೂತಿದ್ದ ಮಗುವೊಂದು ಕಿವಿ ಮುಚ್ಚಿಕೊಂಡಿತು.

ಅಣ್ಣ ಕೈಯೆತ್ತಿ ನಿಲ್ಲಿಸಿದರು. ನನ್ನ ಎಡಗೈ ನೋಡಿದರು. ಕೈ ಸರಿಯಾದ ಜಾಗದಲ್ಲೇ ಇದೆ. ಹತ್ತಿರ ಬಂದು ತಾವೇ ಬೆರಳಿನಿಂದ ನನ್ನ ದಪ್ಪ ತಂತಿ ಮೀಟಿದರು. ಕೀಬೋರ್ಡಿನವನಿಗೆ ಅದೇ ಸ್ವರ ಒತ್ತಲು ಹೇಳಿದರು. ಎರಡನ್ನೂ ಕೇಳಿದರು. ಕೀಬೋರ್ಡಿನವನು ತಲೆ ತಗ್ಗಿಸಿ ತನ್ನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ನಾನು "ತಂತಿ ಜಾರಿದೆ ಅಣ್ಣಾ" ಎಂದೆ. ನಾಲ್ಕೂ ತಂತಿ ಒಂದೇ ಅಳತೆಯಲ್ಲಿ ಜಾರುವುದಿಲ್ಲ ಎಂದು ಗಿಟಾರ್ ಹಿಡಿದ ಯಾರಿಗೂ ಗೊತ್ತು. ಅವರು ನನ್ನ ಮುಖವನ್ನೇ ನೋಡಿದರು, ಬಯ್ಯಲಿಲ್ಲ. "ಏರ್ಸ್ಕೋ" ಎಂದರು, ಅಷ್ಟೆ. ಮೈಕಿನಲ್ಲಿ "ಎರಡು ನಿಮಿಷ, ಕ್ಷಮಿಸಿ" ಎಂದು ಜನರಿಗೆ ಹೇಳಿದರು.

ನಾನು ಶ್ರುತಿ ಏರಿಸಿಕೊಂಡೆ. ಅಣ್ಣ ಆ ಹಾಡನ್ನು ನಿಜವಾದ ಎತ್ತರದಲ್ಲೇ ಹಾಡಿದರು. ಎರಡನೆಯ ಚರಣದಲ್ಲಿ ದನಿ ಒಡೆದು ನಿಂತೇಹೋಯಿತು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಟೀಚರ್ ಓಡಿಬಂದು ಮುಂದಿನ ಸಾಲು ಎತ್ತಿಕೊಂಡರು. ಹಾಡು ಮುಗಿದ ಮೇಲೆ ಅಣ್ಣ ಮೈಕನ್ನು ಕುರ್ಚಿಯ ಮೇಲಿಟ್ಟು ಜನರಿಗೆ ಕೈಮುಗಿದು ಇಳಿದುಹೋದರು. ಉಳಿದ ಕಾರ್ಯಕ್ರಮ ಟೀಚರ್ ಒಬ್ಬರೇ ನಡೆಸಿದರು.

ಆಮೇಲೆ ಅವರು ಫೋನ್ ಎತ್ತಲಿಲ್ಲ. ಭಾನುವಾರದ ಪ್ರಾಕ್ಟೀಸ್ ನಿಂತಿತು. ರಾಜ್ಯೋತ್ಸವದ ಸಮಿತಿಯವರು ನನ್ನ ಅಂಗಡಿಗೇ ಬಂದು "ನಿಮ್ ಅಣ್ಣ ಇಲ್ದೆ ಬೇಡ. ಅವ್ರಿಗೂ ಹೇಳಿ ಬಂದಿದೀವಿ, ಒಪ್ಪದಿದ್ರೆ ಬೇರೆಯವ್ರಿಗೆ ಹೇಳ್ತೀವಿ" ಎಂದರು. ಕೀಬೋರ್ಡಿನವನು "ತಪ್ಪು ನಮ್ದೇ ಕಣೋ, ಆದ್ರೆ ನಂಗೆ ಅವ್ರ ಮುಖ ನೋಡೋಕೆ ಧೈರ್ಯ ಇಲ್ಲ" ಎಂದ. ನನಗೂ ಇರಲಿಲ್ಲ. ಆದರೂ ಮೋಸದ ಮಾತು ಮೊದಲು ಆಡಿದವನು ನಾನು. ಒಂದು ಭಾನುವಾರ ಬೆಳಿಗ್ಗೆ ಗಿಟಾರನ್ನು ಹೆಗಲಿಗೇರಿಸಿಕೊಂಡು ಹೊರಟೆ. ಗಿಟಾರ್ ಯಾಕೆ ತೆಗೆದುಕೊಂಡೆನೋ, ಅಭ್ಯಾಸಬಲ.

ಅತ್ತಿಗೆ ಬಾಗಿಲು ತೆಗೆದು "ಮೇಲಿದಾರೆ ಹೋಗು" ಎಂದರು. ಅಣ್ಣ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಾನು ಎದುರಿಗೆ ಕೂತೆ. ಕಾಲು ಮುಟ್ಟಲು ಹೋದರೆ ಹಿಂದಕ್ಕೆಳೆದುಕೊಂಡರು.

"ಮೂರು ವರ್ಷ ನಾನು ಚೆನ್ನಾಗಿ ಹಾಡ್ತಿದೀನಿ ಅಂದ್ಕೊಂಡಿದ್ದೆ ಕಣೋ."

"ಚೆನ್ನಾಗೇ ಹಾಡ್ತಿದ್ರಿ ಅಣ್ಣಾ. ನಾವು ಇಳಿಸಿದ್ದು ಶ್ರುತಿ. ಹಾಡಿದ್ದು ನೀವೇ ಅಲ್ವಾ?"

"ಊರೆಲ್ಲಾ ಒರಿಜಿನಲ್ ಸ್ಕೇಲ್ ಅಂತ ಹೇಳ್ಕೊಂಡು ಓಡಾಡ್ದೆ. ನೀವು ನಾಲ್ಕೂ ಜನ ಹಿಂದೆ ನಿಂತು ನಗ್ತಿದ್ರೇನೋ."

ಅದಕ್ಕೆ ನನ್ನ ಕಣ್ಣು ತುಂಬಿಬಂತು. "ಯಾರೂ ನಗ್ಲಿಲ್ಲ ಅಣ್ಣಾ, ನಮ್ಮಮ್ಮನಾಣೆ."

ಅವರು ಪೇಪರ್ ಮಡಿಸಿ ಪಕ್ಕಕ್ಕಿಟ್ಟು, "ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?" ಎಂದರು.

"ಕೇಳಿದ್ರೆ ಹಾಡೋದೇ ಬಿಟ್ಬಿಡ್ತಿದ್ರಿ."

ಅವರು ಯೋಚಿಸಿದರು. "ಹೂಂ. ಬಿಟ್ಬಿಡ್ತಿದ್ದೆ" ಎಂದು ಒಪ್ಪಿಕೊಂಡರು. "ಎಷ್ಟು ಇಳಿಸಿದ್ರಿ?"

"ಒಂದು ಕಟ್ಟೆ."

"ಒಂದೇನಾ?" ಅವರ ಮುಖ ನೋಡಿ ಈಗ ಬಯ್ಯುತ್ತಾರೇನೋ ಅಂದುಕೊಂಡೆ. ಅವರು ಗಂಟಲಿನ ಮೇಲೆ ಕೈಯಾಡಿಸಿಕೊಂಡು ನಗತೊಡಗಿದರು. "ಅದ್ರಲ್ಲೂ ಹರಿದುಹೋಗ್ತಿತ್ತು ಕಣೋ! ಪ್ರೋಗ್ರಾಂ ಮುಗಿಸಿ ಬಂದ್ರೆ ಎರಡು ದಿನ ಗಂಟ್ಲಿಂದ ದನೀನೇ ಬರ್ತಿರ್ಲಿಲ್ಲ. ನಿಮ್ಮತ್ತಿಗೆ ಹತ್ರ ಸ್ಲೇಟ್ ಮೇಲೆ ಬರೆದು ಕಾಫಿ ಕೇಳ್ತಿದ್ದೆ. ಒರಿಜಿನಲ್ ಸ್ಕೇಲ್ ಅಲ್ವಾ, ಅಷ್ಟು ನೋವು ಇದ್ದಿದ್ದೇ ಅಂತ ಸುಮ್ನಿದ್ದೆ."

ನಾನು ಪೆಚ್ಚಾದೆ. ಮೂರು ವರ್ಷ ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಪಕ್ಕದಲ್ಲೇ ನಿಂತಿದ್ದರೂ ಅವರ ನೋವು ನನಗೆ ಕಂಡಿರಲಿಲ್ಲ.

"ತೆಗಿ ಅದನ್ನ" ಎಂದು ಗಿಟಾರಿನ ಕಡೆ ಕೈ ತೋರಿಸಿದರು. ಸ್ಪೀಕರ್ ತಂದಿರಲಿಲ್ಲ. ಕೋಣೆ ಸಣ್ಣದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತರೆ ಬರೀ ತಂತಿಯೇ ಕೇಳಿಸುತ್ತಿತ್ತು. ಅವರು ಅವತ್ತು ಒಡೆದ ಹಾಡಿನ ಎರಡನೆಯ ಚರಣ ಎತ್ತಿಕೊಂಡರು. ಒಂದು ಕಟ್ಟೆ ಕೆಳಗೆ. ಕತ್ತಿನ ನರ ಉಬ್ಬಿತು. "ಇಳ್ಸು" ಎಂದರು. ಇಳಿಸಿದೆ. "ಇನ್ನೂ." ತಿರುಗಣಿ ತಿರುಗಿಸಿದೆ. "ನಾಚ್ಕೊಬೇಡ್ವೋ, ಇಳ್ಸು." ಎರಡೂವರೆ ಕಟ್ಟೆ ಇಳಿಯುವ ಹೊತ್ತಿಗೆ ನನ್ನ ತಂತಿಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿದ್ದವು. ಅಲ್ಲಿ ಅವರ ದನಿ ಕೂತಿತು. ಕಣ್ಣು ಮುಚ್ಚಿಕೊಂಡು ಇಡೀ ಹಾಡು ಹಾಡಿದರು. ಮೇಲಿನ ಸಾಲಿನಲ್ಲಿ ಎರಡು ಸಲ ಸುಳಿದಾಡಿ ಬಂದರು, ಎಲ್ಲೂ ಒತ್ತಲಿಲ್ಲ. ಇಷ್ಟು ವರ್ಷದಲ್ಲಿ ಆ ಹಾಡು ಇಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ರಾಜ್ಯೋತ್ಸವದವ್ರಿಗೆ ಹೂಂ ಅನ್ನು" ಎಂದರು ಅಣ್ಣ. "ಆದ್ರೆ ಎಷ್ಟು ಇಳ್ಸಿದೀವಿ ಅಂತ ಮೈಕಲ್ಲಿ ನಾನೇ ಹೇಳ್ತೀನಿ. ಇನ್ಮೇಲೆ ಯಾರೂ ಯಾರ್ನೂ ಯಾಮಾರಿಸೋದು ಬೇಡ."

ಅತ್ತಿಗೆ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ಯಾವಾಗಿನಿಂದ ನಿಂತಿದ್ದರೋ, ಲೋಟದ ಮೇಲೆ ಕೆನೆ ಕಟ್ಟಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗಂಡನಿಗಲ್ಲ, ನನಗೆ ಹೇಳಿದರು:

"ಹಿಂಗೇ ಹಾಡ್ಸಪ್ಪ ಇವ್ರನ್ನ. ಮಾರನೇ ದಿನ ನನ್ ಜೊತೆನೂ ಎರಡು ಮಾತಾಡ್ಲಿ."