ಕಪ್ಪಾದ ಪರದೆಯ ಈಚೆ ವಿಶಾಖಾ

ಬೆಳಗಿನ ಐದೂಮುಕ್ಕಾಲು. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕದ ಪುಟ್ಟ ಕಚೇರಿಯಲ್ಲಿ ವಿಶಾಖಾ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಕನಮಡಿಯ ಒಂದು ಸಣ್ಣ ದವಾಖಾನೆಗೆ ಎದೆನೋವಿನ ರೋಗಿ ಬಂದಿದ್ದಾರೆ. ಅಲ್ಲಿಯ ಕಂಪ್ಯೂಟರಿನಲ್ಲಿ ಇಸಿಜಿ ತಂತ್ರಾಂಶ ತೆರೆಯುತ್ತಿಲ್ಲ. ನರ್ಸ್ ಸುರೈಯಾ ಇಷ್ಟು ಹೇಳುವಷ್ಟರಲ್ಲಿ ಫೋನು ಕಡಿದುಹೋಗಿದೆ.

ವಿಶಾಖಾ ಇಲ್ಲಿಂದಲೇ ಆ ಕಂಪ್ಯೂಟರಿನೊಳಗೆ ಇಳಿದು ತಂತ್ರಾಂಶವನ್ನು ಮತ್ತೆ ಕೂರಿಸಲು ಹೊರಟಿದ್ದಾರೆ. ಅಷ್ಟರಲ್ಲಿ ಅವರ ಪರದೆ ಪೂರ್ತಿ ಕಪ್ಪಾಗುತ್ತದೆ. ತಂತ್ರಾಂಶ ಕೂರಿಸಲು ಅನುಮತಿ ಕೇಳುವ ಚೌಕ ಅಲ್ಲಿ ಎದ್ದಿದೆ. ಕಳ್ಳರು ದೂರದಿಂದ ಒತ್ತಬಾರದೆಂದು ಅದು ಕನಮಡಿಯ ಪರದೆಯ ಮೇಲಷ್ಟೇ ಕಾಣುತ್ತದೆ. ಅಲ್ಲಿದ್ದವರೇ ಒತ್ತಬೇಕು. ಎರಡು ನಿಮಿಷ ಮೀರಿದರೆ ತಾನೇ ಮುಚ್ಚಿಕೊಳ್ಳುತ್ತದೆ.

ವಿಶಾಖಾ ತಮ್ಮ ಮೊಬೈಲಿನಿಂದ ಫೋನು ಹಚ್ಚುತ್ತಾರೆ. ಸುರೈಯಾ ರೋಗಿಯ ಬಳಿ ಇದ್ದುದರಿಂದ ಎತ್ತಿದವರು ಆಯಾ ರಾಚವ್ವ.

"ರಾಚವ್ವಕ್ಕ, ಯೆಸ್ ಅಂತ ಐತಲ್ಲ, ಅದನ್ನ ಒತ್ತರಿ."

"ಯಾರು ಹೇಳಿದ್ರೂ ಒತ್ತಬ್ಯಾಡ್ರಿ ಅಂತ ವಿಶಾಖಾ ಮೇಡಂ ಹೇಳ್ಯಾರ."

"ನಾನೇ ವಿಶಾಖಾರೀ!"

"ಎಲ್ಲಾರೂ ಹಂಗೇ ಅಂತಾರ."

ಚೌಕ ಮುಚ್ಚಿಹೋಗುತ್ತದೆ.

ಡಿಪ್ಲೊಮಾ ಓದಿದ ಟಿಕೋಟಾದ ಈ ಮಗಳಿಗೆ ಮೂವತ್ತನಾಲ್ಕು ವರ್ಷ. ಟಿಕೋಟಾ, ಬಬಲೇಶ್ವರ ಸುತ್ತಿನ ಇಪ್ಪತ್ತಮೂರು ದವಾಖಾನೆಗಳ ಕಂಪ್ಯೂಟರ್‌ಗಳಿಗೆ ಇವರೊಬ್ಬರೇ ದಿಕ್ಕು. ದಿನಕ್ಕೆ ನಲವತ್ತು ಕರೆ. ಅರ್ಧದಷ್ಟು ಆ ಚೌಕದ ಹತ್ತಿರವೇ ನಿಲ್ಲುತ್ತವೆ. "ರೊಕ್ಕ ಹೊಡಿಯಾಕ ಫೋನ್ ಮಾಡೀ ಏನ ಬೇ ಅಂತ ಬೈತಾರ್ರಿ. ಅವರದೇನ್ ತಪ್ಪು? ಅಂಥವರೂ ಅದಾರ," ಎನ್ನುತ್ತಾರೆ. ಅದಕ್ಕೇ ಎಲ್ಲರಿಗೂ ಫೋನಿನಲ್ಲೇ ಪಾಠ ಮಾಡಿದ್ದು: ಗುರುತಿಲ್ಲದ ಕರೆಗೆ ಯೆಸ್ ಒತ್ತಬೇಡಿ.

ಆ ಬೆಳಗ್ಗೆ ಅದೇ ಪಾಠ ಅವರಿಗೇ ಅಡ್ಡ ನಿಲ್ಲುತ್ತದೆ. ಗದರಿಸಬೇಕೆಂದು ಬಾಯಿಗೆ ಬಂದ ಮಾತನ್ನು ವಿಶಾಖಾ ನುಂಗಿಕೊಳ್ಳುತ್ತಾರೆ. "ಖರೆ ಐತ್ರಿ. ನನ್ನ ನಂಬಬ್ಯಾಡ್ರಿ. ಗ್ವಾಡಿಗೆ ಅಂಟಿಸಿದ ನಮ್ಮ ಆಫೀಸಿನ ನಂಬರಿಗೆ ನೀವೇ ಹಚ್ಚರಿ."

ಫೋನು ಇಟ್ಟ ಮೇಲೆ ಒಂದೊಂದು ಕ್ಷಣವೂ ಭಾರ. ಕೊನೆಗೆ ಕಚೇರಿಯ ಫೋನು ರಿಂಗಾಗುತ್ತದೆ. "ಈಗ ಹೇಳ್ರಿ ಮೇಡಂ," ಎನ್ನುತ್ತಾರೆ ರಾಚವ್ವ. ಮತ್ತೆ ಚೌಕ, ಮತ್ತೆ ಕತ್ತಲೆ.

"ಚೌಕದಾಗ ಏನ್ ಬರದೈತಿ? ಒಂದೊಂದೇ ಅಕ್ಷರ ಓದ್ರಿ."

ಏಳನೆಯ ಇಯತ್ತೆಯವರೆಗೆ ಓದಿದ ರಾಚವ್ವ ತಡವರಿಸುತ್ತಾರೆ. "ಇ... ಸಿ... ಜಿ."

"ಹಾಂ, ಅದೇ. ಎಡಗಡೆದು ಯೆಸ್ ಒತ್ತರಿ."

ಪರದೆ ಬೆಳಗುತ್ತದೆ. ಆರು ನಿಮಿಷದಲ್ಲಿ ಇಸಿಜಿ ನಗರದ ಹೃದಯತಜ್ಞರ ಕೈ ಸೇರುತ್ತದೆ. ತಡಮಾಡದೆ ಕರೆತನ್ನಿ ಎಂದು ಅವರು ಹೇಳುತ್ತಲೇ ಆಂಬುಲೆನ್ಸ್ ಹೊರಡುತ್ತದೆ. ರೋಗಿ ಶಾಂತಪ್ಪ, ಬಸ್ ಚಾಲಕ, ಬದುಕುಳಿದಿದ್ದಾರೆ. ಈಗ ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ.

ರಾಚವ್ವನ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ.

"ಬಂದಿತ್ರಿ, ಸುಳ್ಳ್ಯಾಕ ಹೇಳ್ಲಿ," ಎನ್ನುತ್ತಾರೆ ವಿಶಾಖಾ. "ಈ ಕೆಲಸಕ್ಕ ಬಂದು ಮೂರು ವರ್ಷ ಆತು, ಒಮ್ಮೆನೂ ಅವರ ಮಾರಿ ನೋಡಿಲ್ಲ. ಒಂದ್ ಆಯಿತವಾರ ಕನಮಡಿಗೆ ಹೋಗಿ ಅವರ ಜೋಡಿ ಕುಂತು ಚಹಾ ಕುಡೀಬೇಕಂತ ಆಸೆ ಐತಿ. ನಾ ಕಲಿಸಿದ್ದನ್ನ ನನ್ನೂ ಬಿಡದಂಗ ಪಾಲಿಸಿದವ್ರು ಅವ್ರೊಬ್ಬರೇ ನೋಡ್ರಿ."